ಕೊರಪ್ಪೊಳು ಇಟ್ಟ ಆಣೆ

ಕೊರಪ್ಪೊಳು ಯಾರನ್ನೂ ಕ್ಷಮಿಸುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳ ಬಗ್ಗೆ ಬರೆಯಿರಿ ಎಂದು ನನ್ನ ಬೆನ್ನು ಹತ್ತಿದ ನಮ್ಮ ಕನ್ನಡ ಸಂಘದವರಿಗೆ, ಕೊನೆಗೆ ಅವಳು ಮನಸ್ಸು ದೊಡ್ಡದು ಮಾಡಿ ಎಲ್ಲವನ್ನೂ ಮರೆತಳು ಎಂದು ಓದುವ ಆಸೆಯಿದೆ. ಆಸೆ ಇಟ್ಟುಕೊಳ್ಳಲಿ. ಅವಳು ಮರೆತಿಲ್ಲ, ನಾನೂ ಮರೆತಿಲ್ಲ. ಕ್ಷಮೆ, ಶಾಂತಿ, ಆದದ್ದೆಲ್ಲ ಒಳ್ಳೆಯದಕ್ಕೇ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಯಾರ ಮಗನನ್ನೂ ಯಾರೂ ಪೊಲೀಸ್ ಕಾವಲಿನಲ್ಲಿ ವಿಮಾನ ಹತ್ತಿಸಿಲ್ಲ.

ನಾನು ಗದಗಿನ ಕಡೆಯವಳು, ಹೆಸರು ದಾನವ್ವ. ಕೆನಡಾದ ಸ್ಟ್ರೀಟ್ಸ್‌ವಿಲ್‌ನಲ್ಲಿ ನನ್ನದೊಂದು ಹಳೆಯ ಮನೆಯಿದೆ. 2008ರಲ್ಲಿ ಕೊರಪ್ಪೊಳುವಿನ ಗಂಡ ಭಾಸ್ಕರ ಹೃದಯಾಘಾತದಿಂದ ತೀರಿಕೊಂಡ ಮೇಲೆ ಅವಳು ತನ್ನ ಒಬ್ಬನೇ ಮಗ ವಿಶಾಲನನ್ನು ಕರೆದುಕೊಂಡು ನನ್ನ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದಳು. ಕಾರ್ಕಳದ ಹತ್ತಿರದ ಹಳ್ಳಿಯವಳು, ಮನೆಮಾತು ತುಳು. ಮೊದಲ ವಾರದಲ್ಲೇ ಅವಳ ಮೀನು ಸಾರಿನ ವಾಸನೆ ಮೆಟ್ಟಿಲು ಹತ್ತಿ ನನ್ನ ದೇವರ ಕೋಣೆಗೆ ಬಂತು. ನಾನು ಜಗಳಕ್ಕೆಂದು ಕೆಳಗಿಳಿದವಳು ಚಹಾ ಕುಡಿದು ಮೇಲೆ ಬಂದೆ. ಅಂದಿನಿಂದ ನಾನು ಅವಳಿಗೆ ದಾನಕ್ಕ.

ವುಡ್‌ಬ್ರಿಡ್ಜಿನ ಒಂದು ಕಾರ್ಖಾನೆಯಲ್ಲಿ ಪಿಜ್ಜಾದ ಮೇಲೆ ಚೀಸ್ ಉದುರಿಸುವುದು ಅವಳ ಕೆಲಸ. ಅಲ್ಲಿನ ಸೂಪರ್‌ವೈಸರ್ ಒಮ್ಮೆ ಎಲ್ಲರೆದುರು ಅವಳ ಊಟದ ಡಬ್ಬಿಗೆ ಮೂಗು ಮುಚ್ಚಿಕೊಂಡನಂತೆ. ಅವತ್ತಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ಬೆಲ್ಟ್ ನಿಂತರೂ ಅವನಿಗೆ ಹೇಳುವುದಿಲ್ಲ, ಪಕ್ಕದ ಪಂಜಾಬಿ ಹೆಂಗಸಿಗೆ ಹೇಳುತ್ತಾಳೆ. ಅವಳು ಹೋಗಿ ಅವನಿಗೆ ಹೇಳುವಷ್ಟರಲ್ಲಿ ಪಿಜ್ಜಾಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತಿದ್ದವು. ವರ್ಗವಾಗಿ ಹೋಗುವ ದಿನ ಅವನೇ ಬಂದು ಕೈ ಚಾಚಿದನಂತೆ. ಇವಳು ಕೈಗವಸು ಕೂಡ ತೆಗೆಯಲಿಲ್ಲ. ಇದನ್ನು ಹೇಳುವಾಗ ಅವಳ ಮುಖದಲ್ಲಿ ಎಷ್ಟು ಸಂತೋಷವಿರುತ್ತಿತ್ತೆಂದರೆ ನಾನು ಬೇಕೆಂದೇ ಮತ್ತೆ ಮತ್ತೆ ಹೇಳಿಸುತ್ತಿದ್ದೆ.

ಇಂಥ ಹೆಂಗಸು ಒಬ್ಬರ ಮುಂದೆ ಮಾತ್ರ ತಲೆ ತಗ್ಗಿಸುತ್ತಿದ್ದಳು. ಅವರು ಡಾಕ್ಟರ್ ಶಿವಾನಂದ. ಅವಳ ಊರಿನ ಗುತ್ತಿನ ಮನೆಯವರು, ಎಂದರೆ ಹಿಂದಿನ ಜಮೀನ್ದಾರರು. ಭಾಸ್ಕರನ ಹಿರಿಯರು ಆ ಮನೆಯ ಒಕ್ಕಲು. ಭೂಸುಧಾರಣೆಯ ಕಾಲದಲ್ಲಿ ಗೇಣಿಯ ಗದ್ದೆ ಭಾಸ್ಕರನ ಅಪ್ಪನ ಹೆಸರಿಗೆ ಬಂತು; ಆದರೆ ಧಣಿ ಎಂದು ಕರೆಯುವ ಅಭ್ಯಾಸ ಹೋಗಲಿಲ್ಲ. ಡಾಕ್ಟರು ಎಪ್ಪತ್ತರ ದಶಕದಲ್ಲೇ ಕೆನಡಾಕ್ಕೆ ಬಂದು, ಎರಿನ್ ಮಿಲ್ಸ್‌ನಲ್ಲಿ ದೊಡ್ಡ ಮನೆ ಮಾಡಿ, ನಮ್ಮ ಸಂಘಕ್ಕೆ ಹಲವು ಸಲ ಅಧ್ಯಕ್ಷರಾದವರು. ತೊಂಬತ್ತರ ದಶಕದಲ್ಲಿ ಪರಿಚಯದವರ ಹೋಟೆಲಿಗೆ ಅಡುಗೆಯವನು ಬೇಕೆಂದಾಗ ಭಾಸ್ಕರನನ್ನು ಸಂಸಾರ ಸಮೇತ ಕರೆಸಿದವರು ಅವರೇ. ವಿಶಾಲ್ ಆಗ ಅಂಗಿಯ ತುದಿ ಹಿಡಿದು ನಡೆಯುವ ಮಗು. ಈ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳುವ ಅವಕಾಶ ಸಿಕ್ಕಿದಾಗ ಡಾಕ್ಟರು ಬಿಟ್ಟದ್ದಿಲ್ಲ.

ಕೆಲವು ವರ್ಷ ಕಳೆದು ಪೌರತ್ವಕ್ಕೆ ಅರ್ಜಿ ಹಾಕುವ ಹೊತ್ತು ಬಂದಾಗ ಭಾಸ್ಕರ ಧಣಿಯ ಸಲಹೆ ಕೇಳಿದ.

"ಇಂಡಿಯನ್ ಪಾಸ್‌ಪೋರ್ಟ್ ಬಿಟ್ಟುಕೊಟ್ರೆ ಊರಿನ ಗದ್ದೆ ಕೈತಪ್ತದೆ ಮಾರಾಯ. ಪಿಆರ್ ಕಾರ್ಡ್ ಉಂಟಲ್ಲ, ಇಲ್ಲಿ ಕಾಯಂ ಇರ್ಲಿಕ್ಕೆ ಅಷ್ಟು ಸಾಕು; ವೋಟು ಹಾಕ್ಲಿಕ್ಕಿಲ್ಲ, ಅಷ್ಟೇ. ಎಂತ ಅವಸರ ನಿಂಗೆ?" ಎಂದರಂತೆ.

ತಾವು ಮಾತ್ರ ಎಂದೋ ಕೆನಡಾದ ಪೌರರಾಗಿದ್ದರು. ಗದ್ದೆಯ ಮಾತು ಪೂರ್ತಿ ನಿಜವಲ್ಲ ಎಂದು ನಮಗೆ ತಿಳಿದದ್ದು ಬಹಳ ಆಮೇಲೆ. ನಮ್ಮವರು ಮಾಡುವ ತಪ್ಪು ಇದು. ಆ ನೀಲಿ ಪಾಸ್‌ಪೋರ್ಟೇ ಊರಿನ ಜಮೀನಿಗೆ ಹಾಕಿದ ಬೇಲಿ ಎಂದುಕೊಂಡು ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಮಕ್ಕಳನ್ನೂ ಅದೇ ಬೇಲಿಯೊಳಗೆ ಕೂಡಿಹಾಕುತ್ತೇವೆ. ಭಾಸ್ಕರ ತಾನೂ ಪೌರನಾಗಲಿಲ್ಲ, ಹೆಂಡತಿ ಮಗನನ್ನೂ ಮಾಡಿಸಲಿಲ್ಲ. ವಿಶಾಲನಿಗೆ ಇದು ಗೊತ್ತೇ ಇರಲಿಲ್ಲ. ಇಲ್ಲಿನ ಶಾಲೆಯಲ್ಲಿ ಓದಿ, ಇಲ್ಲಿನ ರಸ್ತೆಯಲ್ಲಿ ಹಾಕಿ ಆಡಿ ಬೆಳೆದ ಹುಡುಗ ತಾನು ಕೆನಡಾದವನಲ್ಲ ಎಂದು ಏಕೆ ಅನುಮಾನಪಡುತ್ತಾನೆ? ಕೊರಪ್ಪೊಳುಗೆ ಗೊತ್ತಿತ್ತು, ಆದರೆ ಧಣಿ ಹೇಳಿದ ಮೇಲೆ ಅದು ಯೋಚಿಸುವ ವಿಷಯ ಎಂದು ಅವಳಿಗೆ ಅನಿಸಲಿಲ್ಲ.

ವಿಶಾಲ್ ದೇವರಂಥ ಹುಡುಗ ಎಂದು ನಾನು ಹೇಳುವುದಿಲ್ಲ. ಎರಿನ್ ಮಿಲ್ಸ್‌ನ ಮಾಲಿನಲ್ಲಿ ಚಪ್ಪಲಿ ಅಂಗಡಿಯ ಕೆಲಸ, ಸೋಮಾರಿ, ಮಾತು ಕಡಿಮೆ. ಗಾಂಜಾ ಸೇದುತ್ತಿದ್ದ. ನನ್ನ ಹಿತ್ತಿಲಿನ ಶೆಡ್ಡಿನ ಹಿಂದೆ ನಿಂತು ಸೇದಿ, ಹೊಗೆ ಕೈಯಿಂದ ಅಟ್ಟುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿ ಬೈದಿದ್ದೇನೆ. ಬೈದರೆ "ಸಾರಿ ಆಂಟಿ" ಎಂದು ಹೇಳಿ ನನ್ನ ಮನೆಯ ಮುಂದಿನ ಹಿಮ ಎಳೆದು ಹಾಕುತ್ತಿದ್ದ. ಒಂದು ಇರುವೆಗೂ ಅವನಿಂದ ನೋವಾಗಿರಲಿಲ್ಲ. ಅವನ ಒಬ್ಬನೇ ಗೆಳೆಯ ಸಾಕೇತ್, ಡಾಕ್ಟರ್ ಶಿವಾನಂದರ ಮಗ.

2012ರ ರಾಜ್ಯೋತ್ಸವ. ಗಾಂಜಾ ಬೆಳೆಯುವವರಿಗೆ ಕಡ್ಡಾಯ ಜೈಲು ಎನ್ನುವ ಹೊಸ ಕಾನೂನು ಜಾರಿಗೆ ಬರುತ್ತಿದ್ದ ದಿನಗಳು ಅವು. ಡಾಕ್ಟರು ಸಂಘದ ವೇದಿಕೆಯಲ್ಲಿ ನಿಂತು, ತಾಯಿ ಭುವನೇಶ್ವರಿಗೆ ನಮಸ್ಕಾರ ಹೇಳಿದ ಬಾಯಲ್ಲೇ ಆ ಕಾನೂನನ್ನು ಹೊಗಳಿದರು. ನಮ್ಮ ಮಕ್ಕಳನ್ನು ಉಳಿಸಲು ಇಂಥ ಕಠಿಣ ಕಾನೂನೇ ಬೇಕು, ನ್ಯಾಯಾಧೀಶರ ಮೆತ್ತಗಿನ ಮನಸ್ಸಿಗೆ ಕೊನೆಗೂ ಲಗಾಮು ಬಿತ್ತು, ತಪ್ಪು ಮಾಡಿದವನು ಅನುಭವಿಸಲಿ ಎಂದರು. ಜನ ಚಪ್ಪಾಳೆ ತಟ್ಟಿದರು. ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಕೊರಪ್ಪೊಳು ಕೂಡ ತಟ್ಟಿದಳು, ಧಣಿ ಮಾತಾಡಿದ್ದಾರೆಂದು. ಸಂಘದ ಊಟಕ್ಕೆ ಪ್ರತಿ ಸಲವೂ ಅಡುಗೆ ಅವಳದೇ.

ಆ ಚಳಿಗಾಲ ಡಾಕ್ಟರೂ ಅವರ ಹೆಂಡತಿ ಪ್ರಫುಲ್ಲಾ ಅವರೂ ಉಡುಪಿಯಲ್ಲಿದ್ದರು. ದೊಡ್ಡ ಮನೆ, ಖಾಲಿ ಬೇಸ್‌ಮೆಂಟು, ಇಬ್ಬರು ಹುಡುಗರು. ಸಾಕೇತ್ ಬೀಜ ತರಿಸಿದ, ದೀಪ ಹಾಕಿಸಿದ, ಕುಂಡಗಳಲ್ಲಿ ಗಿಡ ಎಬ್ಬಿಸಿದ. ವಿಶಾಲ್ ಕೆಲಸ ಮುಗಿಸಿ ಹೋಗಿ ನೀರು ಹಾಕುತ್ತಿದ್ದ. ತಾವೂ ಸೇದಿದರು, ಸಾಕೇತನ ಕಾಲೇಜಿನ ನಾಲ್ಕು ಜನ ಗೆಳೆಯರಿಗೂ ಮಾರಿದರು. 2013ರ ಏಪ್ರಿಲಿನಲ್ಲಿ ವಾಸನೆ ತಡೆಯಲಾರದೆ ನೆರೆಯವರು ದೂರು ಕೊಟ್ಟರು. ಪೊಲೀಸರು ಬಂದಾಗ ನೀರಿನ ಪಾತ್ರೆ ವಿಶಾಲನ ಕೈಯಲ್ಲಿತ್ತು. ಸಾಕೇತ್ ಮೇಲಿನ ಕೋಣೆಯಲ್ಲಿ ಓದುತ್ತಿದ್ದ. ಮೆಡಿಕಲ್ ಸೀಟು ಸಿಕ್ಕಿದ ಪತ್ರ ಅವನಿಗೆ ಆಗಷ್ಟೇ ಬಂದಿತ್ತು.

ಡಾಕ್ಟರು ಓಡೋಡಿ ಬಂದರು. ಮಗನನ್ನು ನೋಡಿದವರೇ ನೇರವಾಗಿ ನನ್ನ ಬೇಸ್‌ಮೆಂಟಿಗೆ ಬಂದರು. ನಾನು ಅಲ್ಲೇ ಇದ್ದೆ. ಕೊರಪ್ಪೊಳು ಬಡಿಸಿದ್ದನ್ನು ಉಂಡು, ಅವಳು ಕೊಟ್ಟ ನೀರು ಕುಡಿದು, ಬಾಯಿ ಒರೆಸಿಕೊಂಡು ವಿಷಯಕ್ಕೆ ಬಂದರು.

"ಗಿಡ ಎಲ್ಲ ನಂದೇ ಅಂತ ವಿಶಾಲ್ ಒಪ್ಪಿಕೊಂಡ್ರೆ ಕೇಸು ಅಲ್ಲಿಗೇ ಮುಗೀತದೆ. ಫಸ್ಟ್ ಅಫೆನ್ಸು. ಬುದ್ಧಿ ಹೇಳಿ ಬಿಡ್ತಾರೆ. ಲಾಯರ್ ನಾನು ಇಡ್ತೇನೆ. ಸಾಕೇತನ ಹೆಸರು ಬಂದ್ರೆ ಅವನ ಸೀಟು ಹೋಗ್ತದೆ ಕೊರಪ್ಪೊಳು. ನೀನು ಅವನನ್ನು ಎತ್ತಿ ಆಡಿಸಿದವಳು."

"ಧಣಿ, ಮತ್ತೆ ನಮ್ಮವನಿಗೆ ಎಂತದೂ ಆಗೂದಿಲ್ಲ ಅಲ್ವಾ?" ಎಂದಳು ಅವಳು.

"ನಾನಿದ್ದೇನಲ್ಲ."

ವಿಶಾಲ್ ಸೋಫಾದ ತುದಿಯಲ್ಲಿ ಕೂತು ತಾಯಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನೂ ಆಡಿಸಿದ. ಗೆಳೆಯನಿಗಾಗಿ ಒಂದು ಬೈಗುಳ ತಿನ್ನುವುದು ದೊಡ್ಡ ವಿಷಯವಲ್ಲ ಎಂದುಕೊಂಡಿರಬೇಕು.

ಕೋರ್ಟಿನಲ್ಲಿ ಬೈಗುಳದ ಮಾತೇ ಇರಲಿಲ್ಲ. ಲಾಯರು ತಪ್ಪೊಪ್ಪಿಗೆಯ ದಿನ ಹೇಳಿದ: ಗಿಡ ಐದು ದಾಟಿದರೆ, ಮಾರಾಟಕ್ಕೆ ಬೆಳೆದದ್ದಾದರೆ, ಆರು ತಿಂಗಳು ಕಡ್ಡಾಯ; ಬೇರೆಯವರ ಮನೆಯಲ್ಲಿ ಬೆಳೆದಿದ್ದರೆ ಒಂಬತ್ತು. ಗಿಡಗಳು ಸಾಕೇತನದೂ ಹೌದು ಎಂದಿದ್ದರೆ ಕಥೆ ಬೇರೆ ಇತ್ತು. ಎಲ್ಲವೂ ವಿಶಾಲನದೇ ಎಂದಾದ ಮೇಲೆ ಅವನು ಪರರ ಮನೆಗೆ ನುಗ್ಗಿ ಗಿಡ ಬೆಳೆದವನಾದ. ನ್ಯಾಯಾಧೀಶ ಒಬ್ಬ ಮುದುಕ. ಈ ಹುಡುಗನನ್ನು ಜೈಲಿಗೆ ಕಳಿಸುವುದರಿಂದ ಯಾರಿಗೂ ಲಾಭವಿಲ್ಲ, ಆದರೆ ಕಾನೂನು ನನಗೆ ದಾರಿ ಬಿಟ್ಟಿಲ್ಲ ಎಂದು ಬಾಯಿಬಿಟ್ಟು ಹೇಳಿ ಒಂಬತ್ತು ತಿಂಗಳು ಬರೆದ. ಅದೇ ದಿನ ಅದೇ ಕೋಣೆಯಲ್ಲಿ, ಕುಡಿದು ಬಾರಿನಲ್ಲಿ ಇನ್ನೊಬ್ಬನ ದವಡೆ ಮುರಿದವನಿಗೆ ಬುದ್ಧಿ ಹೇಳಿ ಮನೆಗೆ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ದವಡೆ ಮುರಿದವನ ಬಗ್ಗೆ ಯೋಚಿಸಲು ನ್ಯಾಯಾಧೀಶನಿಗೆ ಸ್ವಾತಂತ್ರ್ಯವಿತ್ತು. ಗಿಡಕ್ಕೆ ನೀರು ಹಾಕಿದವನ ಬಗ್ಗೆ ಇರಲಿಲ್ಲ. ಇಂಥ ಕಾನೂನು ಮಾಡಿದವರ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಅವತ್ತೇ ಶಪಿಸಿದೆ. ಇವತ್ತೂ ಆ ಶಾಪ ಹಿಂದಕ್ಕೆ ಪಡೆದಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಜೈಲಿನೊಳಗೆ ಬಂತು. ವಲಸೆ ಅಧಿಕಾರಿಯೊಬ್ಬ ವಿಶಾಲನನ್ನು ಕೂರಿಸಿಕೊಂಡು, ನೀನು ಪೌರನಲ್ಲ, ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದ ಪಿಆರ್‌ಗೆ ಗಡೀಪಾರಿನ ವಿರುದ್ಧ ಮೇಲ್ಮನವಿ ಇಲ್ಲ, ಇದೂ ಹೊಸ ಕಾನೂನೇ ಎಂದು ವಿವರಿಸಿದನಂತೆ. ಭೇಟಿಗೆ ಹೋದ ಕೊರಪ್ಪೊಳುಗೆ ಗಾಜಿನಾಚೆಯಿಂದ ವಿಶಾಲ್ ಕೇಳಿದ್ದು ಒಂದೇ ಮಾತು: "ಅಮ್ಮಾ, ಐಯಾಮ್ ನಾಟ್ ಕೆನೇಡಿಯನ್?"

ಅವಳು ಅಲ್ಲಿಂದ ನೇರವಾಗಿ ಎರಿನ್ ಮಿಲ್ಸ್‌ಗೆ ಹೋಗಿ ಡಾಕ್ಟರ ಕಾಲು ಹಿಡಿದಳು. ಸಾಕೇತ್ ನಿಜ ಹೇಳಲಿ, ಗಿಡ ಅವನದು ಎಂದರೆ ಕೇಸು ಮತ್ತೆ ತೆರೆಯಬಹುದು ಎಂದು ಬೇರೆ ವಕೀಲೆಯೊಬ್ಬಳು ಹೇಳಿದ್ದಳು. ಡಾಕ್ಟರು ಅವಳನ್ನು ಎಬ್ಬಿಸಿ ಕೂರಿಸಿ, ಈಗ ಮಾತು ಬದಲಿಸಿದರೆ ಇಬ್ಬರು ಹುಡುಗರೂ ಹಾಳಾಗುತ್ತಾರೆ, ಊರೆಂದರೆ ಪರದೇಶವಲ್ಲ, ಗದ್ದೆ ಹೇಗೂ ಇದೆ, ವಿಶಾಲ್ ಅಲ್ಲಿ ಆರಾಮಾಗಿರುತ್ತಾನೆ ಎಂದರು. ಮೆಟ್ಟಿಲ ಮೇಲೆ ನಿಂತಿದ್ದ ಸಾಕೇತ್ ಕೆಳಗಿಳಿಯಲೇ ಇಲ್ಲ. ಮನೆಗೆ ಬಂದವಳು ನನ್ನ ಅಡುಗೆಮನೆಯ ನೆಲದ ಮೇಲೆ ಕೂತು ಹೇಳಿದಳು:

"ದಾನಕ್ಕ, ಆ ಗದ್ದೆಗೋಸ್ಕರ ನನ್ನ ಮಗನನ್ನು ಇಲ್ಲಿಯವನಾಗ್ಲಿಕ್ಕೆ ಬಿಡ್ಲಿಲ್ಲ. ಈಗ ಅದೇ ಗದ್ದೆ ತೋರಿಸಿ ಓಡಿಸ್ತಾರೆ. ಅವರು ಇನ್ನು ನಂಗೆ ಧಣಿ ಅಲ್ಲ."

"ಇಷ್ಟ ದಿನಾ ಯಾಕ ಅಂತಿದ್ದಿ ಅಂತೀನಿ ನಾ," ಎಂದೆ. ಅತ್ತು ಹಗುರಾಗು ಎಂದು ಹೇಳಬೇಕಿತ್ತೇನೋ. ನನಗೆ ಅಂಥದ್ದು ಬರುವುದಿಲ್ಲ.

2014ರ ಶರತ್ಕಾಲದಲ್ಲಿ ವಿಶಾಲನನ್ನು ಕಳಿಸಿಬಿಟ್ಟರು. ಕಾರ್ಕಳದ ಚಿಕ್ಕಮ್ಮನ ಮನೆ. ತುಳು ಅರ್ಥವಾಗುತ್ತದೆ, ಮಾತಾಡಿದರೆ ಮಕ್ಕಳು ನಗುತ್ತಾರೆ. ಕನ್ನಡದ ಬೋರ್ಡು ಓದಲು ಬಾರದೆ ತಪ್ಪು ಬಸ್ಸು ಹತ್ತಿ ಘಟ್ಟದ ಮೇಲೆ ಹೋಗಿ ಇಳಿದವನನ್ನು ಕಂಡಕ್ಟರನೇ ವಾಪಸ್ ಕಳಿಸಿದನಂತೆ. ಊರವರು ಅವನಿಗೆ ಕೆನಡಾ ಎಂದೇ ಹೆಸರಿಟ್ಟರು. ಕೆನಡಾದಲ್ಲಿ ಅವನು ಇಂಡಿಯದವನು, ಇಂಡಿಯದಲ್ಲಿ ಕೆನಡಾ. ಫೋನಿನಲ್ಲಿ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಇಲ್ಲಿ ಹಿಮ ಬಿದ್ದಿದೆಯೇ, ಆಂಟಿಯ ಮನೆಯ ಮುಂದೆ ಯಾರು ಎಳೆಯುತ್ತಾರೆ ಎಂದು ಕೇಳುತ್ತಿದ್ದ.

ಆ ಡಿಸೆಂಬರಿನಲ್ಲಿ ಕೊರಪ್ಪೊಳು ಊರಿಗೆ ಹೋದಳು. ಮಗನನ್ನು ನೋಡಲಿಕ್ಕೆಂದು ನಾನು ತಿಳಿದಿದ್ದೆ. ಮಗನನ್ನು ನೋಡಿದ್ದೂ ಹೌದು. ಆದರೆ ಒಂದು ಮಂಗಳವಾರ ಅವಳು ಊರಿನ ದೈವಸ್ಥಾನಕ್ಕೆ ಹೋಗಿ, ಗುತ್ತಿನ ಮನೆಗೂ ತನ್ನ ಮನೆಗೂ ಒಂದೇ ಆಗಿರುವ ಆ ದೈವದ ಮುಂದೆ ಅಕ್ಕಿ ಕಾಳು, ನಾಣ್ಯ ಇಟ್ಟು, ಡಾಕ್ಟರ ಹೆಸರು ಹೇಳಿ ಆಣೆ ಇಟ್ಟು ಬಂದಳು. ನಮ್ಮ ಗದಗಿನ ಕಡೆ ಇದಿಲ್ಲ, ಅವಳೇ ನನಗೆ ವಿವರಿಸಿದ್ದು. ಆಣೆ ಇಟ್ಟ ಮೇಲೆ ಎರಡು ಮನೆಗಳ ನಡುವೆ ನೀರು ನಿಲ್ಲುತ್ತದೆ. ಅವರ ನೀರು ಇವರು ಮುಟ್ಟುವಂತಿಲ್ಲ, ಇವರ ಕೈಯಡುಗೆ ಅವರು ಉಣ್ಣುವಂತಿಲ್ಲ. ತಪ್ಪಿ ಕುಡಿದರೆ ದೈವ ಬಿಡುವುದಿಲ್ಲ. ಆ ಮನೆಗೆ ಹೆಣ್ಣು ಕೊಡುವವರೂ ಆಣೆ ಬಿಡಿಸಿಕೊಂಡು ಬನ್ನಿ ಎನ್ನುತ್ತಾರೆ. ಇಟ್ಟವಳು ಒಪ್ಪಿದರೆ ಮಾತ್ರ ಬಿಡುಗಡೆ.

"ಕೋರ್ಟಲ್ಲಿ ಅಪೀಲ್ ಇಲ್ಲ ಅಂದ್ರಲ್ಲ," ಎಂದಳು. "ನಾನು ದೊಡ್ಡ ಕೋರ್ಟಲ್ಲಿ ಹಾಕಿ ಬಂದೆ."

ಅವಳ ಕಣ್ಣಲ್ಲಿ ಬಹಳ ದಿನಗಳ ಮೇಲೆ ಆ ಸೂಪರ್‌ವೈಸರನ ಕಥೆಯ ಹೊಳಪು ಕಂಡೆ. ನನಗೆ ದೈವದಲ್ಲಿ ನಂಬಿಕೆ ಇದೆಯೋ ಇಲ್ಲವೋ ಗೊತ್ತಿಲ್ಲ. ಅವಳಲ್ಲಿ ಇದೆ.

ಸುದ್ದಿ ಉಡುಪಿಯಿಂದ ಎರಿನ್ ಮಿಲ್ಸ್‌ಗೆ ಅವಳಿಗಿಂತ ಮೊದಲೇ ತಲುಪಿತ್ತು. ಡಾಕ್ಟರು ನಕ್ಕರಂತೆ. ಮೆಡಿಸಿನ್ ಓದಿದವನು ನಾನು, ಇದಕ್ಕೆಲ್ಲ ಹೆದರುತ್ತೇನೆಯೇ ಎಂದರಂತೆ. ಪ್ರಫುಲ್ಲಾ ನಗಲಿಲ್ಲ. ಮುಂದಿನ ಯುಗಾದಿಯ ಊಟಕ್ಕೂ ಕೊರಪ್ಪೊಳುವೇ ಅಡುಗೆ ಮಾಡಿದಳು. ಬೇಡ ಎನ್ನಲು ಸಂಘದವರಿಗೆ ಬೇರೆ ಅಡುಗೆಯವರು ಯಾರೂ ಸಿಗಲಿಲ್ಲ, ಸಿಗದ ಹಾಗೆ ನಾನೂ ನೋಡಿಕೊಂಡೆ. ಡಾಕ್ಟರು ಮೊದಲ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು, ಎಲ್ಲರೂ ನೋಡಲೆಂದು ಮಜ್ಜಿಗೆಯ ಲೋಟ ಎತ್ತಿದರು. ಪ್ರಫುಲ್ಲಾ ಗಂಡನ ಮಣಿಕಟ್ಟು ಹಿಡಿದುಬಿಟ್ಟರು. ಡಾಕ್ಟರು ಬಿಡಿಸಿಕೊಳ್ಳಲು ನೋಡಿದರು, ಹೆಂಡತಿ ಬಿಡಲಿಲ್ಲ. ಮಜ್ಜಿಗೆ ಚೆಲ್ಲಿ ಪಂಚೆ ನೆನೆಯಿತು. ಗಂಡ ಹೆಂಡತಿ ಇಬ್ಬರೂ ಬಡಿಸಿದ ಎಲೆ ಬಿಟ್ಟು ಎದ್ದು ಹೋದರು. ಎದುರು ಸಾಲಿನಲ್ಲಿ ಬ್ರಾಂಪ್ಟನ್ನಿನಿಂದ ಬಂದಿದ್ದ ಒಬ್ಬ ಅಜ್ಜಿ ಇದನ್ನೆಲ್ಲ ನೋಡುತ್ತಾ ಕೂತಿದ್ದರು. ಅವರ ಮೊಮ್ಮಗಳು ನಿಶ್ಮಿತಾಳ ಜೊತೆ ಸಾಕೇತನ ನಿಶ್ಚಿತಾರ್ಥ ಮುಂದಿನ ತಿಂಗಳು ಆಗುವುದಿತ್ತು.

ಅಜ್ಜಿ ಅಡುಗೆ ಕೋಣೆಗೆ ಬಂದು ಕೊರಪ್ಪೊಳುವನ್ನು ತುಳುವಿನಲ್ಲಿ ಏನೋ ಕೇಳಿದರು. ಅವಳು ಪಾತ್ರೆ ತಿಕ್ಕುತ್ತಲೇ ಎಲ್ಲ ಹೇಳಿದಳು. ಅವತ್ತು ಸಂಜೆಯೇ ಬ್ರಾಂಪ್ಟನ್ನಿನಿಂದ ಎರಿನ್ ಮಿಲ್ಸ್‌ಗೆ ಫೋನು ಹೋಯಿತು: ಆಣೆ ತೀರುವವರೆಗೆ ನಮ್ಮ ಮಗು ನಿಮ್ಮ ಮನೆಯಲ್ಲಿ ನೀರು ಕುಡಿಯುವುದಿಲ್ಲ. ನಿಶ್ಮಿತಾಳಿಗೆ ದೈವದ ಗೊಡವೆ ಇರಲಿಲ್ಲ. ಅವಳು ಸಾಕೇತನನ್ನು ಬೇರೆಯದೇ ಪ್ರಶ್ನೆ ಕೇಳಿದಳಂತೆ, ಗಿಡ ಯಾರದು ಎಂದು. ಅವನು ಪರೀಕ್ಷೆಯ ಮಾತು ತೆಗೆದನಂತೆ. ಅವಳು ಉಂಗುರದ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದಳು.

ಮೇ ತಿಂಗಳಲ್ಲಿ ಮೂವರೂ ಬಂದರು, ಡಾಕ್ಟರು, ಪ್ರಫುಲ್ಲಾ, ಸಾಕೇತ್. ಬೇಸ್‌ಮೆಂಟಿಗೆ ಇಳಿಯಬಾರದೆಂದು ಪ್ರಫುಲ್ಲಾ ಹಟ ಹಿಡಿದದ್ದರಿಂದ ಮೇಲೆ ನನ್ನ ಪಡಸಾಲೆಯಲ್ಲಿ ಕೂತರು. ನಾನು ನೀರು ಬೇಕೇ ಎಂದು ಕೇಳಿದೆ. ಬೇಕೆಂದೇ ಕೇಳಿದೆ. ಯಾರೂ ಹೂಂ ಅನ್ನಲಿಲ್ಲ. ಕೊರಪ್ಪೊಳು ಮೇಲೆ ಬಂದು, ಎಂದೂ ಕೂರದವಳು, ಡಾಕ್ಟರ ಎದುರಿನ ಕುರ್ಚಿಯಲ್ಲೇ ಕೂತಳು.

"ಕೊರಪ್ಪೊಳು, ಇದೆಲ್ಲ ಎಂತ ಹುಚ್ಚು?" ಎಂದರು ಡಾಕ್ಟರು. "ಎಷ್ಟು ಖರ್ಚಾದ್ರೂ ವಿಶಾಲನಿಗೆ ಊರಲ್ಲಿ ಒಂದು ಅಂಗಡಿ ಹಾಕಿಕೊಡ್ತೇನೆ."

"ಅಂಗಡಿ ಬೇಡ ಡಾಕ್ಟ್ರೇ. ನಿಮ್ಮ ಮಗ ವಕೀಲರ ಹತ್ರ ಹೋಗಿ ಗಿಡ ಯಾರದ್ದು ಅಂತ ಹೇಳ್ಲಿ."

ಡಾಕ್ಟ್ರೇ ಎಂಬ ಆ ಕರೆ ಕೇಳಿ ಅವರ ಮುಖ ಕಪ್ಪಿಟ್ಟಿತು. ಪ್ರಫುಲ್ಲಾ ಸೆರಗು ಬಾಯಿಗೆ ಒತ್ತಿಕೊಂಡರು. "ಅವನನ್ನೂ ಜೈಲಿಗೆ ಹಾಕ್ತಾರೆ ಮಾರಾಯ್ತಿ. ಅದೇ ಕಾನೂನು. ನಿಂಗೆ ಅದು ಬೇಕಾ? ನೀನೂ ಒಬ್ಳು ತಾಯಿ ಅಲ್ವಾ?"

ಕೊರಪ್ಪೊಳು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು. "ಬೇಡ ಅಮ್ಮ. ಗಿಡಕ್ಕೆ ನೀರು ಹಾಕಿದ್ದಕ್ಕೆ ಯಾವ ಮಗನೂ ಅದರೊಳಗೆ ಹೋಗೂದು ಬೇಡ. ಆ ಗಾಜಿನ ಈಚೆ ಕೂತು ನೋಡಿದವಳು ನಾನು. ಆದ್ರೆ ಆ ಕಾನೂನು ಒಳ್ಳೇದು ಅಂತ ಹೇಳಿದ್ದು ನಾನಲ್ಲ." ಅವಳು ಡಾಕ್ಟರ ಕಡೆ ತಿರುಗಿದಳು. "ಸ್ಟೇಜಿನ ಮೇಲೆ ಭಾಷಣ ಮಾಡಿದವರಿಗೆ ಅದ್ರಲ್ಲಿ ಎಂತ ಉಂಟು ಅಂತ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಮಗನಿಗೆ ಎಂತದೂ ಆಗೂದಿಲ್ಲ ಅಂದ್ರಾ?"

"ನಾನು ಓದಿರ್ಲಿಲ್ಲ," ಎಂದರು ಅವರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಪೇಪರಲ್ಲಿ ಒಳ್ಳೇದು ಅಂತ ಬರೆದಿದ್ರು. ನಮ್ಮಂಥವರ ಮಕ್ಕಳಿಗೆ ಅದು ಅಂತ ಅನಿಸ್ಲಿಲ್ಲ."

ನನಗೆ ಎದ್ದು ಅವರ ಕಪಾಳಕ್ಕೆ ಹೊಡೆಯಬೇಕೆನಿಸಿತು. ಕೊರಪ್ಪೊಳು ಮಾತ್ರ ತಣ್ಣಗಿದ್ದಳು.

"ಹಾಗಾದ್ರೆ ಓದಿ. ಓದಿ ಮತ್ತೆ ಅದೇ ಸ್ಟೇಜಲ್ಲಿ, ಅದೇ ರಾಜ್ಯೋತ್ಸವಕ್ಕೆ, ಅದೇ ಜನರೆದುರು ಅದು ತಪ್ಪು ಅಂತ ಹೇಳಿ. ಗಿಡ ಯಾರದ್ದು ಅಂತ್ಲೂ ಹೇಳಿ. ಮೊದ್ಲು ನಿಮ್ಮ ಮಗ ವಕೀಲರಿಗೆ ಹೇಳ್ಲಿ. ಆಮೇಲೆ ನೀವು."

"ಆಗ ಆಣೆ ಬಿಡ್ತೀಯಾ?" ಎಂದರು ಪ್ರಫುಲ್ಲಾ.

"ಇಲ್ಲ. ವಿಶಾಲ್ ಬಂದು ನಿಮ್ಮ ಮನೆಯಲ್ಲಿ ಕೂತು ಒಂದು ಲೋಟ ನೀರು ಕುಡಿದ ದಿನ ಬಿಡ್ತೇನೆ. ಅವನು ಬರುವ ಹಾಗೆ ನೀವೇ ಮಾಡಿ."

ಸಾಕೇತ್ ಅಲ್ಲಿಯವರೆಗೂ ತನ್ನ ಬೂಟು ನೋಡುತ್ತಿದ್ದವನು ತಲೆಯೆತ್ತಿ, "ಐ ವಿಲ್ ಗೋ ಆಂಟಿ, ಐ ವಿಲ್ ಟೆಲ್ ದೆಮ್," ಎಂದ. ಅವನ ಅಪ್ಪ ಅವನ ತೋಳು ಹಿಡಿದರು. ಅವನು ಕೈ ಕೊಡವಿದ. ಒಳ್ಳೆಯ ಹುಡುಗ ಎಂದು ಈಗ ಎಲ್ಲರೂ ಹೇಳುತ್ತಾರೆ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವನನ್ನು ಒಳ್ಳೆಯವನೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಅವನು ಹೋದ, ಪ್ರಮಾಣ ಮಾಡಿ ಹೇಳಿದ, ಅಷ್ಟನ್ನು ಬರೆಯುತ್ತೇನೆ.

ಬೇಸಿಗೆಯೆಲ್ಲ ವಕೀಲೆಯ ಕಚೇರಿಯ ಓಡಾಟದಲ್ಲಿ ಹೋಯಿತು. ಅವಧಿ ಮುಗಿದಿದ್ದರೂ ಮೇಲಿನ ಕೋರ್ಟಿಗೆ ಹೋಗಲು ಅನುಮತಿ ಸಿಕ್ಕಿತು. ಸಾಕೇತನನ್ನು ಕಾಲೇಜಿನವರು ಸದ್ಯಕ್ಕೆ ಬರಬೇಡ ಎಂದರು. ಅವನ ಮೇಲೆ ಪೊಲೀಸರು ಕೇಸು ಹಾಕುತ್ತಾರೋ ಇಲ್ಲವೋ ತಿಳಿಯದೆ, ಮನೆಯ ಮುಂದೆ ಕಾರು ನಿಂತರೂ ಪ್ರಫುಲ್ಲಾ ಕಿಟಕಿಗೆ ಓಡುತ್ತಿದ್ದರಂತೆ. ಇದನ್ನು ಕೇಳಿ ಕೊರಪ್ಪೊಳು ಅಯ್ಯೋ ಪಾಪ ಎನ್ನಲಿಲ್ಲ. "ಓಡ್ಲಿ. ನಾನೂ ಓಡಿದ್ದೇನೆ," ಎಂದು ಮೀನು ಹೆಚ್ಚುವುದನ್ನು ಮುಂದುವರಿಸಿದಳು. ಅಕ್ಟೋಬರಿನ ಚುನಾವಣೆಯಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡುತ್ತೇವೆ ಎಂದ ಪಕ್ಷವೇ ಗೆದ್ದಿತು. ನಮ್ಮ ಸಂಘದಲ್ಲಿ ಹಿಂದೆ ಚಪ್ಪಾಳೆ ತಟ್ಟಿದ ಎಷ್ಟೋ ಜನ, ಮೊದಲಿನಿಂದಲೂ ನಾವು ಹೀಗೇ ಹೇಳುತ್ತಿದ್ದೆವು ಎಂದು ಮಾತು ಶುರುಮಾಡಿದರು. ಕೀಲುನೋವಿಗೆ ಅದರ ಎಣ್ಣೆ ಒಳ್ಳೆಯದಂತೆ ಎಂದು ಒಬ್ಬರು ನನಗೇ ಉಪದೇಶ ಮಾಡಿದರು. ಕಾರ್ಕಳದಲ್ಲಿರುವ ಹುಡುಗನಿಗೂ ಅದನ್ನೇ ಹೋಗಿ ಹೇಳ್ರಿ ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ರಾಜ್ಯೋತ್ಸವದ ದಿನ ಕೊರಪ್ಪೊಳು ಅಡುಗೆ ಬೇಗ ಮುಗಿಸಿ, ಸೀರೆ ಬದಲಿಸಿ, ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಬಂದು ಕೂತಳು. ಗಣ್ಯರಿಗೆ ಕಾದಿಟ್ಟ ಕುರ್ಚಿ ಅದು. ಯಾರೋ ಸ್ವಯಂಸೇವಕ ಎಬ್ಬಿಸಲು ಬಂದ, ನನ್ನ ಮುಖ ನೋಡಿ ಹಿಂದಿರುಗಿದ. ಬ್ರಾಂಪ್ಟನ್ನಿನ ಅಜ್ಜಿಯೂ ನಿಶ್ಮಿತಾಳೂ ಎರಡು ಸಾಲು ಹಿಂದಿದ್ದರು. ನಾಡಗೀತೆ ಮುಗಿಯಿತು, ಮಕ್ಕಳ ಕೋಲಾಟ ಮುಗಿಯಿತು, ಹಿರಿಯ ಸದಸ್ಯರ ಮಾತು ಎಂದು ಡಾಕ್ಟರನ್ನು ಕರೆದರು.

ಅವರು ಬರೆದುಕೊಂಡು ಬಂದದ್ದನ್ನು ತೆಗೆಯಲಿಲ್ಲ. ಮೈಕು ಕೈಗೆ ತೆಗೆದುಕೊಂಡರು. ಆಮೇಲೆ, ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ತಾವು ಒಂದು ಕಾನೂನನ್ನು ಹೊಗಳಿದ್ದಾಗಿಯೂ, ಅದನ್ನು ಓದದೆ ಹೊಗಳಿದ್ದಾಗಿಯೂ ಹೇಳಿದರು. ಅದು ಕೊಲೆಗಡುಕನನ್ನು ಹಿಡಿಯಲಿಲ್ಲ, ಚಪ್ಪಲಿ ಅಂಗಡಿಯ ಹುಡುಗನನ್ನು ಹಿಡಿಯಿತು. ಚಟವಿದ್ದವನಿಗೆ ಚಿಕಿತ್ಸೆ ಬೇಕು, ಜೈಲಲ್ಲ ಎಂದು ವೈದ್ಯನಾದ ತನಗೆ ಗೊತ್ತಿರಬೇಕಿತ್ತು ಎಂದರು. ಮುಂದಿನ ಮಾತು ಹೇಳುವಾಗ ದನಿ ತಗ್ಗಿಸಿದರು.

"ಗಿಡ ನನ್ನ ಮನೆಯದು. ನನ್ನ ಮಗನದು. ವಿಶಾಲನ ತಲೆಗೆ ಕಟ್ಟಿದ್ದು ನಾನು."

ಗಂಟಲು ಒಣಗಿ ಮಾತು ನಿಂತಿತು. ಮೈಕಿನ ಪಕ್ಕದ ಮೇಜಿನ ಮೇಲೆ ನೀರಿನ ಲೋಟವಿತ್ತು. ಕೈ ಅಲ್ಲಿಯವರೆಗೆ ಹೋಯಿತು. ಅಡುಗೆ ಕೋಣೆಯಿಂದ ಅದನ್ನು ತುಂಬಿಸಿ ಕಳಿಸಿದವರು ಯಾರೆಂದು ನೆನಪಾಗಿರಬೇಕು, ಕೈ ಹಿಂದಕ್ಕೆ ಬಂತು. ದೈವವನ್ನು ನಂಬದ ಡಾಕ್ಟರು ಎಂಜಲು ನುಂಗಿ, ಮುಂದಿನ ಸಾಲಿನತ್ತ ನೋಡಿದರು. ಮೈಕು ಬಾಯಿಯ ಹತ್ತಿರವೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು.

"ಇನ್ನೆಂತ ಹೇಳ್ಬೇಕು, ಕೊರಪ್ಪೊಳು?"

ಅವಳು ಏಳಲಿಲ್ಲ. ಕೂತಲ್ಲಿಂದಲೇ, ಅಡುಗೆ ಕೋಣೆಯಿಂದ ಅನ್ನ ಬೇಕೇ ಎಂದು ಕೂಗಿ ಕೇಳುವ ದನಿಯಲ್ಲಿ ಹೇಳಿದಳು:

"ಅದನ್ನೇ ಇನ್ನೊಂದು ಸಲ ಹೇಳಿ ಡಾಕ್ಟ್ರೇ. ಹಿಂದೆ ಕೂತವರಿಗೆ ಕೇಳ್ಲಿಲ್ಲ."